ಒಂದೇ ಮನೆ, ಒಂದೇ ಜೀನ್, ಬೇರೆ ಬೇರೆ ಕಾಯಿಲೆ: ಎಫ್‌ಟಿಡಿಯ ಆನುವಂಶಿಕತೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳನ್ನು ಸವೆಸುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದ (ಎಫ್‌ಟಿಡಿ) ಒಂದು ಆನುವಂಶಿಕ ಬಗೆಗೆ ತಯಾರಾಗಿದ್ದ ಲಾಟೊಜಿನೆಮ್ಯಾಬ್ ಎಂಬ ಔಷಧ 2025ರ ಅಕ್ಟೋಬರ್‌ನಲ್ಲಿ ಮೂರನೇ ಹಂತದ ಪ್ರಯೋಗದಲ್ಲಿ ಸೋತಿತು. ಆ ಬಗೆಯ ರೋಗಿಗಳಲ್ಲಿ ಕೊರತೆಯಾಗುವುದು ಪ್ರೊಗ್ರಾನ್ಯುಲಿನ್ ಎಂಬ ಪ್ರೊಟೀನ್. ಔಷಧ ಪಡೆದವರ ರಕ್ತದಲ್ಲಿ ಅದರ ಮಟ್ಟ ಏರಿತು. ಆದರೆ 96 ವಾರಗಳ ಕೊನೆಯಲ್ಲಿ ನೋಡಿದರೆ ಕಾಯಿಲೆಯ ವೇಗ ತಗ್ಗಿರಲಿಲ್ಲ. ಕೊರತೆ ತುಂಬಿದ ಮೇಲೂ ಕಾಯಿಲೆ ನಿಲ್ಲುವುದಿಲ್ಲ ಎಂದಾದರೆ ಜೀನ್ ಕಂಡುಹಿಡಿದು ಏನು ಪ್ರಯೋಜನ ಎಂಬ ಪ್ರಶ್ನೆ ಆಗ ಎದ್ದಿತು.

ಅದಕ್ಕೂ ಮೊದಲೇ, 2023ರ ಫೆಬ್ರವರಿಯಲ್ಲಿ, ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ಅವರಿಗೆ ಎಫ್‌ಟಿಡಿ ಇದೆ ಎಂದು ಅವರ ಕುಟುಂಬ ಪ್ರಕಟಿಸಿದಾಗ ಈ ಕಾಯಿಲೆಯ ಹೆಸರು ಕನ್ನಡ ಪತ್ರಿಕೆಗಳಿಗೂ ಬಂದಿತ್ತು. ಅಲ್ಲಿಂದಾಚೆಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕುಟುಂಬಗಳೂ ಈ ಪ್ರಶ್ನೆಗಳನ್ನು ಹೊತ್ತು ವೈದ್ಯರ ಬಳಿ ಬರುವಂತಾಗಿದೆ: ಇದು ಅಲ್ಝೈಮರ್ಸ್ ತಾನೇ? ಅಪ್ಪನಿಗೆ ಬಂದದ್ದು ನಮಗೂ ಬರುತ್ತದೆಯೇ? ರಕ್ತ ಕೊಟ್ಟು ನೋಡಿಬಿಡೋಣವೇ?

ಮಿದುಳಿನ ಯಾವ ಭಾಗ, ಯಾವ ಪ್ರೊಟೀನ್‌ನಿಂದ, ಸುಮಾರು ಯಾವ ವಯಸ್ಸಿಗೆ ಕೆಡುತ್ತದೆ ಎಂಬುದನ್ನು ಜೀನ್ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದರೆ ಈ ವ್ಯಕ್ತಿಗೆ ಯಾವ ಲಕ್ಷಣ ಯಾವಾಗ ಬರುತ್ತದೆ ಎಂದು ಅದು ಹೇಳಲಾರದು. ಈ ಎರಡರ ನಡುವಿನ ಅಂತರ ತಿಳಿಯದೆ ಮಾಡಿಸಿದ ಪರೀಕ್ಷೆ ಮನೆಗೆ ಗಾಬರಿ ತರುತ್ತದೆ, ಇಲ್ಲವೇ ಸುಳ್ಳು ನೆಮ್ಮದಿ ಕೊಡುತ್ತದೆ.

## ಮೊದಲು ಕೆಡುವುದು ನೆನಪಲ್ಲ

ಅಲ್ಝೈಮರ್ಸ್ ಸಾಮಾನ್ಯವಾಗಿ ನೆನಪಿನಿಂದ ಶುರುವಾಗುತ್ತದೆ. ಎಫ್‌ಟಿಡಿ ಶುರುವಾಗುವುದು ನಡವಳಿಕೆಯಿಂದ ಅಥವಾ ಮಾತಿನಿಂದ. ಹಣೆಯ ಹಿಂದಿನ ಫ್ರಂಟಲ್ ಭಾಗ ಮತ್ತು ಕಿವಿಯ ಪಕ್ಕದ ಟೆಂಪೊರಲ್ ಭಾಗಗಳಲ್ಲಿ ನರಕೋಶಗಳು ಸಾಯುತ್ತವೆ. ಬಹುತೇಕ 45ರಿಂದ 65ರ ವಯಸ್ಸಿನಲ್ಲಿ, ಅಂದರೆ ಮನೆಯ ಯಜಮಾನಿಕೆ ಕೈಯಲ್ಲಿರುವ ಕಾಲದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಪ್ರಾಗ್‌ನ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ಇಂಥ ರೋಗಿಯನ್ನು ವಿವರಿಸಿದ್ದರು.

ನಡವಳಿಕೆಯ ಬಗೆಯನ್ನು ಗುರುತಿಸಲು 2011ರಿಂದ ಬಳಕೆಯಲ್ಲಿರುವ ಮಾನದಂಡದಲ್ಲಿ ಆರು ಅಂಶಗಳಿವೆ. ಸಂಕೋಚ ಹೋಗುವುದು, ನಿರಾಸಕ್ತಿ, ಇತರರ ನೋವು ತಟ್ಟದಿರುವುದು, ಮಾಡಿದ್ದನ್ನೇ ಮಾಡುವ ಚಟ, ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಲೇ ಇರುವುದು, ಮತ್ತು ಯೋಜನಾಶಕ್ತಿ ಕುಸಿದರೂ ನೆನಪು ಹಾಗೂ ದಿಕ್ಕಿನ ಅರಿವು ಬಹುಮಟ್ಟಿಗೆ ಉಳಿದಿರುವುದು. ಇವುಗಳಲ್ಲಿ ಮೂರು ಇದ್ದರೆ ಕಾಯಿಲೆ ಇರಬಹುದು ಎನ್ನುತ್ತಾರೆ. ಮಲೆನಾಡಿನ ಮನೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಲೆಕ್ಕದಲ್ಲಿ ಗಟ್ಟಿಯಾಗಿದ್ದವರು ಅಡಿಕೆಯನ್ನು ಕೇಳಿದವರಿಗೆ ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ಸಾವಿನ ಮನೆಯಲ್ಲಿ ನಗುತ್ತಾರೆ. ಡಬ್ಬದ ಬೆಲ್ಲ ಖಾಲಿ ಮಾಡುತ್ತಾರೆ, ಎಲೆಅಡಿಕೆ ಬಾಯಿಂದ ಇಳಿಯುವುದೇ ಇಲ್ಲ. ಆದರೆ ದಾರಿ ತಪ್ಪುವುದಿಲ್ಲ, ಹೋದ ವರ್ಷದ ಮಳೆ ಎಷ್ಟಿತ್ತೆಂದು ಸರಿಯಾಗಿ ಹೇಳುತ್ತಾರೆ. ಇದರಿಂದಾಗಿ ಮನೆಯವರು ಇದನ್ನು ಕಾಯಿಲೆ ಎಂದುಕೊಳ್ಳುವುದಿಲ್ಲ. ಕುಡಿತ, ದುರಹಂಕಾರ, ಮಾಟ ಎನ್ನುತ್ತಾರೆ. ಪ್ರಶ್ನೆ ಕೇಳಿಸಿ, ಹರಕೆ ಹೊತ್ತು, ಆಮೇಲೆ ಮನೋವೈದ್ಯರಲ್ಲಿಗೆ ಬರುವ ಹೊತ್ತಿಗೆ ಎರಡು ಮೂರು ವರ್ಷ ಕಳೆದಿರುತ್ತದೆ.

ಮಾತಿನ ಬಗೆಯಲ್ಲಿ ಎರಡು ರೂಪ. ಒಂದರಲ್ಲಿ ಮಾತು ತಡವರಿಸಿ, ವಿಭಕ್ತಿ ಪ್ರತ್ಯಯ ಬಿಟ್ಟುಹೋಗಿ, ವಾಕ್ಯ ಮುರಿಯುತ್ತದೆ. ಇನ್ನೊಂದರಲ್ಲಿ ಮಾತು ಸರಾಗ, ಆದರೆ ಅರ್ಥ ಕರಗುತ್ತದೆ. ‘ಹಲಸು ಅಂದ್ರೆ ಎಂತ?’ ಎಂದು ಜೀವಮಾನವಿಡೀ ಹಲಸು ತಿಂದವರೇ ಕೇಳುತ್ತಾರೆ. ಈ ಎರಡನೆಯ ರೂಪವನ್ನು ಪತ್ತೆ ಮಾಡಲು ಇಂಗ್ಲಿಷ್‌ನಲ್ಲಿ ಕಾಗುಣಿತಕ್ಕೂ ಉಚ್ಚಾರಕ್ಕೂ ತಾಳೆಯಾಗದ ಪದಗಳನ್ನು ಓದಿಸುತ್ತಾರೆ. ಬರೆದಂತೆ ಓದುವ ಕನ್ನಡದಲ್ಲಿ ಆ ಪರೀಕ್ಷೆ ಕೆಲಸ ಮಾಡದು. ಇಲ್ಲಿ ವಸ್ತು ತೋರಿಸಿ ಹೆಸರು ಮತ್ತು ಉಪಯೋಗ ಎರಡನ್ನೂ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಅರಿವಿನ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಅದನ್ನು ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

## ಎಷ್ಟು ಜನರಲ್ಲಿ ಇದು ವಂಶದಿಂದ ಬರುತ್ತದೆ?

ಎಫ್‌ಟಿಡಿ ಇರುವವರಲ್ಲಿ ಸುಮಾರು ಶೇ 30ರಿಂದ 40ರಷ್ಟು ಮಂದಿಗೆ ಕುಟುಂಬದಲ್ಲಿ ಇಂಥದೇ ಇತಿಹಾಸ ಇರುತ್ತದೆ. ಒಂದೇ ಜೀನ್‌ನ ಸ್ಪಷ್ಟ ದೋಷ ಸಿಗುವುದು ಅದಕ್ಕಿಂತ ಕಡಿಮೆ ಜನರಲ್ಲಿ. ನಡವಳಿಕೆಯ ಬಗೆಯಲ್ಲಿ ಆನುವಂಶಿಕತೆ ಹೆಚ್ಚು, ಅರ್ಥ ಕರಗುವ ಮಾತಿನ ಬಗೆಯಲ್ಲಿ ತೀರಾ ಅಪರೂಪ. ಆದ್ದರಿಂದ ಎಫ್‌ಟಿಡಿ ಬಂತು ಎಂದ ಮಾತ್ರಕ್ಕೆ ಮಕ್ಕಳಿಗೂ ಬರುತ್ತದೆ ಎಂದು ತೀರ್ಮಾನಿಸುವುದು ತಪ್ಪು.

ದೋಷ ಇದ್ದಾಗ ಮಾತ್ರ ಅದು ಹೆಚ್ಚಾಗಿ ಪ್ರಬಲ ರೀತಿಯಲ್ಲಿ ದಾಟುತ್ತದೆ. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಶೇ 50 ಸಾಧ್ಯತೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಗೋತ್ರವಾಗಲಿ ಬಳಿಯಾಗಲಿ ಇದಕ್ಕೆ ಲೆಕ್ಕವಲ್ಲ. ಸಾಗರ ತಾಲೂಕಿನ ಹಂದಿಗೋಡು ಕಾಯಿಲೆ ಈ ಬಗೆಯ ವಂಶಪಾರಂಪರ್ಯವನ್ನು ಮಲೆನಾಡಿಗೆ ಬಹಳ ಹಿಂದೆಯೇ ಕಲಿಸಿದೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಮೂಳೆ ಮತ್ತು ಕೀಲಿನ ಕಾಯಿಲೆಗೆ ಗದ್ದೆಯ ಏಡಿಯಲ್ಲಿ ಸೇರಿದ ಕೀಟನಾಶಕ ಕಾರಣ ಎಂದು ಮೊದಲು ಶಂಕಿಸಿದ್ದರು. ಅದು ಪ್ರಬಲ ರೀತಿಯಲ್ಲಿ ದಾಟುವ ಆನುವಂಶಿಕ ದೋಷ ಎಂದು ಗೊತ್ತಾದದ್ದು ಆಮೇಲೆ. ಅದಕ್ಕೂ ಎಫ್‌ಟಿಡಿಗೂ ಸಂಬಂಧವಿಲ್ಲ. ಆದರೆ ಮೂರು ತಲೆಮಾರಿನ ವಂಶವೃಕ್ಷ ಬರೆದರೆ ಕಾರಣ ಕಾಣುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ.

ರಕ್ತಸಂಬಂಧದ ಮದುವೆಯಿಂದ ಎಫ್‌ಟಿಡಿ ಬಂತು ಎನ್ನುವ ಮಾತೂ ಕೇಳಿಬರುತ್ತದೆ. ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಬರುವ ಕಾಯಿಲೆಗೆ ಸೋದರಿಕೆ ಕಾರಣವಾಗುವುದಿಲ್ಲ. ಆದರೆ ಒಂದು ವಿನಾಯಿತಿ ತಿಳಿದಿರಬೇಕು. ಜಿಆರ್‌ಎನ್ ಎಂಬ ಜೀನ್‌ನ ಕೆಟ್ಟ ಪ್ರತಿ ಗಂಡ ಹೆಂಡತಿ ಇಬ್ಬರಲ್ಲೂ ಇದ್ದು ಮಗುವಿಗೆ ಎರಡೂ ಬಂದರೆ ಎಫ್‌ಟಿಡಿ ಅಲ್ಲ, ಎಳೆಯ ವಯಸ್ಸಿನಲ್ಲೇ ದೃಷ್ಟಿ ಕುಂದಿಸಿ ಫಿಟ್ಸ್ ತರುವ ಬೇರೊಂದು ಗಂಭೀರ ಕಾಯಿಲೆ ಬರುತ್ತದೆ. ಸೋದರಮಾವ, ಅತ್ತೆ ಮಗನ ಜತೆ ಮದುವೆ ನಡೆಯುವ ಕಡೆ ಇದಕ್ಕೆ ಅರ್ಥವಿದೆ.

## ಎಂಎಪಿಟಿ: ಚಿಕ್ಕ ವಯಸ್ಸು, ಎರಡೂ ಪಕ್ಕ

ಆನುವಂಶಿಕ ಎಫ್‌ಟಿಡಿಯ ಬಹುಪಾಲಿಗೆ ಮೂರು ಜೀನ್‌ಗಳು ಕಾರಣ: ಎಂಎಪಿಟಿ, ಜಿಆರ್‌ಎನ್ ಮತ್ತು ಸಿ9ಒಆರ್‌ಎಫ್72 (ಚುಟುಕಾಗಿ ಸಿ9). ಮೊದಲೆರಡು 17ನೇ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲೇ ಇವೆ. 1998ರಲ್ಲಿ ಎಂಎಪಿಟಿ ಸಿಕ್ಕಿತು. ಆದರೆ ಅದೇ ಜಾಗಕ್ಕೆ ಬೊಟ್ಟು ಮಾಡುತ್ತಿದ್ದ ಎಷ್ಟೋ ಕುಟುಂಬಗಳಲ್ಲಿ ಎಂಎಪಿಟಿ ದೋಷವೇ ಇರಲಿಲ್ಲ. 2006ರಲ್ಲಿ ಜಿಆರ್‌ಎನ್ ಸಿಕ್ಕ ಮೇಲೆ ಒಗಟು ಬಿಡಿಸಿತು.

ಎಂಎಪಿಟಿ ತಯಾರಿಸುವುದು ಟೌ ಎಂಬ ಪ್ರೊಟೀನ್. ನರಕೋಶದೊಳಗೆ ಸರಕು ಸಾಗುವ ಸೂಕ್ಷ್ಮ ಕೊಳವೆಗಳನ್ನು ಟೌ ಬಿಗಿಯಾಗಿ ಹಿಡಿದಿರುತ್ತದೆ. ಕೆಲವು ದೋಷಗಳಲ್ಲಿ ಟೌ ಕೊಳವೆಯನ್ನು ಬಿಟ್ಟು ತನ್ನೊಳಗೇ ಗಂಟುಕಟ್ಟಿಕೊಳ್ಳುತ್ತದೆ. ಇನ್ನು ಕೆಲವು ದೋಷಗಳು ಟೌ ರಚನೆಯನ್ನೇ ಮುಟ್ಟುವುದಿಲ್ಲ, ಅದರ ಎರಡು ಮಾದರಿಗಳ ಪ್ರಮಾಣವನ್ನು ಏರುಪೇರು ಮಾಡುತ್ತವೆ. ಅಷ್ಟೇ ಸಾಕು, ಕಾಯಿಲೆ ಬರುತ್ತದೆ.

ಇದು ಮಿದುಳಿನ ಎರಡೂ ಪಕ್ಕದ ಟೆಂಪೊರಲ್ ತುದಿಗಳನ್ನು ಹೆಚ್ಚು ಕಡಿಮೆ ಸಮನಾಗಿ ಸವೆಸುತ್ತದೆ. ಪದದ ಅರ್ಥ, ಮುಖದ ಗುರುತು, ಸಾಮಾಜಿಕ ಸೂಕ್ಷ್ಮ ಇವೆಲ್ಲ ಆ ಭಾಗಕ್ಕೆ ಸೇರಿದ್ದರಿಂದ ಸಂಕೋಚಗೇಡಿತನ, ಒಂದೇ ಕೆಲಸದ ಚಟ, ಹೆಸರು ಮರೆಯುವುದು ಒಟ್ಟಿಗೆ ಬರುತ್ತವೆ. ಹಲವರಲ್ಲಿ ಪಾರ್ಕಿನ್ಸನ್ಸ್‌ನಂತೆ ಕೈಕಾಲು ಬಿಗಿಯುತ್ತದೆ. 2020ರಲ್ಲಿ ಪ್ರಕಟವಾದ ದೊಡ್ಡ ಅಂತಾರಾಷ್ಟ್ರೀಯ ವಿಶ್ಲೇಷಣೆಯ ಪ್ರಕಾರ ಎಂಎಪಿಟಿಯಲ್ಲಿ ಲಕ್ಷಣ ಶುರುವಾಗುವ ಸರಾಸರಿ ವಯಸ್ಸು ಸುಮಾರು 50. ಸಿ9ರಲ್ಲಿ 58, ಜಿಆರ್‌ಎನ್‌ನಲ್ಲಿ 61. ಎಂಎಪಿಟಿಯಲ್ಲಿ ಮಾತ್ರ ಅಪ್ಪ ಅಥವಾ ಅಮ್ಮನಿಗೆ ಶುರುವಾದ ವಯಸ್ಸು ಮಕ್ಕಳ ವಯಸ್ಸಿಗೆ ಗಣನೀಯವಾಗಿ ಹತ್ತಿರ ಇರುತ್ತದೆ. ಉಳಿದ ಎರಡರಲ್ಲಿ ಆ ಸಂಬಂಧ ದುರ್ಬಲ.

ಎಂಎಪಿಟಿಯೊಳಗೂ ಎಲ್ಲ ದೋಷಗಳು ಒಂದೇ ಅಲ್ಲ. ಆರ್406ಡಬ್ಲ್ಯು ಎಂಬ ಬದಲಾವಣೆ ಇರುವವರಿಗೆ ಮೊದಲು ನೆನಪೇ ಕೆಟ್ಟು, ಅಲ್ಝೈಮರ್ಸ್‌ನಂತೆ ಕಂಡು, ಕಾಯಿಲೆ ನಿಧಾನವಾಗಿ ಸಾಗಬಹುದು.

## ಜಿಆರ್‌ಎನ್: ಅರ್ಧ ಪ್ರೊಟೀನ್, ಒಂದು ಪಕ್ಕ

ಇಲ್ಲಿ ವಿಷ ತಯಾರಾಗುವುದಿಲ್ಲ, ಬೇಕಾದ್ದು ಸಾಲುವುದಿಲ್ಲ. ಪ್ರೊಗ್ರಾನ್ಯುಲಿನ್ ತಯಾರಿಸುವ ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಲಸ ನಿಲ್ಲಿಸುತ್ತದೆ. ಎರಡು ಪಂಪ್‌ಸೆಟ್ ಓಡಬೇಕಾದ ತೋಟಕ್ಕೆ ಒಂದೇ ಓಡಿದಂತೆ, ಮೊದಲ ದಶಕಗಳು ಹೇಗೋ ನಡೆಯುತ್ತವೆ, ಆಮೇಲೆ ಒಣಗಲು ಶುರು. ಪ್ರೊಗ್ರಾನ್ಯುಲಿನ್ ಕಡಿಮೆಯಾದಾಗ ಕೋಶದ ಕಸ ಅರಗಿಸುವ ಲೈಸೊಸೋಮ್‌ಗಳು ಸೋಲುತ್ತವೆ, ಮಿದುಳಿನ ರಕ್ಷಕ ಕೋಶಗಳು ಉರಿಯೂತ ಎಬ್ಬಿಸುತ್ತವೆ, ಕೊನೆಗೆ ಟಿಡಿಪಿ-43 ಎಂಬ ಪ್ರೊಟೀನ್ ಇರಬೇಕಾದ ಜಾಗ ಬಿಟ್ಟು ಗಂಟುಕಟ್ಟುತ್ತದೆ.

ಜಿಆರ್‌ಎನ್‌ನಲ್ಲಿ ಸವೆತ ಒಂದೇ ಪಕ್ಕಕ್ಕೆ ವಾಲುತ್ತದೆ. ಎಡಪಕ್ಕ ಹೆಚ್ಚು ಕೆಟ್ಟರೆ ಮಾತು ಮುರಿಯುತ್ತದೆ, ಬಲಪಕ್ಕ ಕೆಟ್ಟರೆ ನಡವಳಿಕೆ. ಸವೆತ ಹಿಂದಿನ ಪರೈಟಲ್ ಭಾಗಕ್ಕೂ ಹಬ್ಬುವುದರಿಂದ ಲೆಕ್ಕ ಬರುವುದಿಲ್ಲ, ಗುಂಡಿ ಹಾಕಲು ಬರುವುದಿಲ್ಲ, ಒಂದು ಕೈ ಹೇಳಿದ ಮಾತು ಕೇಳುವುದಿಲ್ಲ. ಪಾರ್ಕಿನ್ಸನ್ಸ್ ತರಹದ ಬಿಗಿತ ಇಲ್ಲೂ ಸಾಮಾನ್ಯ.

ಹೀಗಾಗಿ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ದೊಡ್ಡಣ್ಣನಿಗೆ 52ಕ್ಕೆ ಸ್ವಭಾವ ಕೆಟ್ಟಿತು, ಊರವರು ಹುಚ್ಚು ಎಂದರು. ಕೊಪ್ಪಕ್ಕೆ ಮದುವೆಯಾಗಿ ಹೋದ ತಂಗಿಗೆ 60ಕ್ಕೆ ಮಾತು ನಿಂತಿತು, ಪಾರ್ಶ್ವವಾಯು ಎಂದರು. ಚಿಕ್ಕಪ್ಪನಿಗೆ 70ಕ್ಕೆ ಒಂದು ಕೈ ಬಿಗಿಯಿತು, ಪಾರ್ಕಿನ್ಸನ್ಸ್ ಎಂದರು. ಮೂರು ಆಸ್ಪತ್ರೆ, ಮೂರು ಹೆಸರು. ಇವೆಲ್ಲ ಒಂದೇ ಜಿಆರ್‌ಎನ್ ದೋಷದಿಂದ ಬಂದಿರಲು ಸಾಧ್ಯವಿದೆ. ಅದೇ ದೋಷ ಒಬ್ಬರಲ್ಲಿ 35ಕ್ಕೆ ಕಾಣಿಸಿ, ಇನ್ನೊಬ್ಬರಲ್ಲಿ 80 ದಾಟಿದರೂ ಕಾಣಿಸದೆ ಇರಬಹುದು.

ಜಿಆರ್‌ಎನ್‌ಗೆ ಇನ್ನೊಂದು ಅನುಕೂಲವಿದೆ. ರಕ್ತದಲ್ಲಿ ಪ್ರೊಗ್ರಾನ್ಯುಲಿನ್ ಅಳೆದರೆ ಬಹಳ ಕಡಿಮೆ ಬರುತ್ತದೆ. ಅನುಮಾನಾಸ್ಪದ ಜೀನ್ ರಿಪೋರ್ಟ್ ಬಂದಾಗ ಅದು ನಿಜವಾಗಿ ಹಾನಿಕರವೇ ಎಂದು ತಿಳಿಯಲು ಈ ಅಳತೆ ನೆರವಾಗುತ್ತದೆ.

## ಸಿ9ಒಆರ್‌ಎಫ್72: ಭ್ರಮೆ, ಸಂಶಯ, ಸೊರಗುವ ಸ್ನಾಯು

2011ರಲ್ಲಿ ಪತ್ತೆಯಾದ ಇದರ ದೋಷ ಬೇರೆ ಜಾತಿಯದು. 9ನೇ ವರ್ಣತಂತುವಿನ ಒಂದು ಕಡೆ ಆರು ಅಕ್ಷರದ ತುಣುಕೊಂದು ಮರುಕಳಿಸುತ್ತದೆ. ಸಾಮಾನ್ಯರಲ್ಲಿ ಅದು 30 ದಾಟುವುದಿಲ್ಲ. ರೋಗಿಗಳಲ್ಲಿ ನೂರಾರು, ಸಾವಿರಾರು ಸಲ ಮರುಕಳಿಸಿರುತ್ತದೆ. ಇದರಿಂದ ಮೂರು ಕೇಡುಗಳು: ಜೀನ್ ತನ್ನ ಕೆಲಸ ಕಡಿಮೆ ಮಾಡುತ್ತದೆ, ಉದ್ದದ ಆರ್‌ಎನ್‌ಎ ಎಳೆಗಳು ಕೋಶಕೇಂದ್ರದಲ್ಲಿ ಗಂಟಾಗುತ್ತವೆ, ಅವುಗಳಿಂದ ಅಸಹಜ ಪ್ರೊಟೀನ್ ತುಣುಕುಗಳು ಹುಟ್ಟುತ್ತವೆ. ಯಾವುದು ಮುಖ್ಯ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ.

ಲಕ್ಷಣಗಳಲ್ಲಿ ಎರಡು ಎದ್ದು ಕಾಣುತ್ತವೆ. ಮೊದಲನೆಯದು ಮನೋರೋಗದ ರೂಪ: ಯಾರೋ ಕೊಲ್ಲಲು ಬರುತ್ತಿದ್ದಾರೆ, ದೇಹದೊಳಗೆ ಏನೋ ಹರಿದಾಡುತ್ತಿದೆ, ಇಲ್ಲದ ಧ್ವನಿ ಕೇಳುತ್ತಿದೆ. ಥಲಾಮಸ್ ಮತ್ತು ಸೆರೆಬೆಲ್ಲಂ ಭಾಗಗಳೂ ಕೆಡುವುದು ಇದಕ್ಕೆ ಕಾರಣವಿರಬಹುದು. ಎರಡನೆಯದು ಎಎಲ್‌ಎಸ್ ಎಂಬ ಮೋಟಾರ್ ನ್ಯೂರಾನ್ ಕಾಯಿಲೆ: ಅಂಗೈ ಸ್ನಾಯು ಸೊರಗುವುದು, ಸ್ನಾಯು ಅದುರುವುದು, ನಾಲಿಗೆ ತೊದಲುವುದು, ನುಂಗಲು ಕಷ್ಟವಾಗುವುದು. ಒಬ್ಬರಿಗೆ ಬರೀ ಎಫ್‌ಟಿಡಿ, ಅವರ ತಮ್ಮನಿಗೆ ಬರೀ ಎಎಲ್‌ಎಸ್, ಮೂರನೆಯವರಿಗೆ ಎರಡೂ ಆಗಬಹುದು. ಕೆಲವರಲ್ಲಿ ಎಂಆರ್‌ಐ ವರ್ಷಗಟ್ಟಲೆ ಬಹುತೇಕ ಸಹಜವಾಗಿ ಕಂಡು ಕಾಯಿಲೆ ತೀರಾ ನಿಧಾನವಾಗಿ ನಡೆಯುತ್ತದೆ. 50 ದಾಟಿದ ಮೇಲೆ ಮೊದಲ ಬಾರಿಗೆ ಮನೋವಿಕಾರ ಬಂದು, ಮನೆತನದಲ್ಲಿ ಎಎಲ್‌ಎಸ್ ಇದ್ದರೆ ಈ ಜೀನ್ ನೆನಪಾಗಬೇಕು. ಯುರೋಪ್ ಮೂಲದವರಲ್ಲಿ ಸಿ9 ಅತಿ ಸಾಮಾನ್ಯ ಕಾರಣ, ಏಷ್ಯಾದಲ್ಲಿ ಅಪರೂಪ.

ಇನ್ನುಳಿದ ಜೀನ್‌ಗಳು ಇನ್ನೂ ವಿರಳ. ಟಿಬಿಕೆ1 ಕೂಡ ಎಎಲ್‌ಎಸ್ ಜತೆಗೂಡುತ್ತದೆ. ವಿಸಿಪಿ ದೋಷದಲ್ಲಿ ಸ್ನಾಯು ದೌರ್ಬಲ್ಯ, ಮೂಳೆಯ ಪ್ಯಾಜೆಟ್ ಕಾಯಿಲೆ ಮತ್ತು ಎಫ್‌ಟಿಡಿ ಒಂದೇ ವಂಶದಲ್ಲಿ ಸುತ್ತುತ್ತವೆ.

## ಅಣ್ಣತಮ್ಮಂದಿರಲ್ಲೇ ಇಷ್ಟು ವ್ಯತ್ಯಾಸ ಏಕೆ?

ದೋಷವೊಂದೇ ಕೆಲಸ ಮಾಡುವುದಿಲ್ಲ, ಉಳಿದ ಜೀನ್‌ಗಳೂ ಕೈ ಹಾಕುತ್ತವೆ. ಟಿಎಂಇಎಂ106ಬಿ ಎಂಬ ಜೀನ್‌ನ ರಕ್ಷಕ ರೂಪ ಎರಡೂ ಪ್ರತಿಗಳಲ್ಲಿ ಇದ್ದರೆ ಜಿಆರ್‌ಎನ್ ದೋಷ ಹೊತ್ತವರಿಗೂ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಬಹಳ ತಗ್ಗುತ್ತದೆ. ಸಿ9ರಲ್ಲಿ ರಕ್ತದಲ್ಲಿ ಅಳೆದ ಮರುಕಳಿಕೆಯ ಉದ್ದಕ್ಕೂ ಮಿದುಳಿನಲ್ಲಿರುವ ಉದ್ದಕ್ಕೂ ತಾಳೆಯಾಗಬೇಕೆಂದಿಲ್ಲ. ಹಾಗಾಗಿ ರಿಪೋರ್ಟ್‌ನ ಸಂಖ್ಯೆ ನೋಡಿ ‘ನಿಮಗೆ ಇಂಥ ವಯಸ್ಸಿಗೆ ಬರುತ್ತದೆ’ ಎನ್ನುವವರನ್ನು ನಂಬಬಾರದು.

## ಪ್ರೊಟೀನ್ ಏರಿದರೂ ಔಷಧ ಏಕೆ ಸೋತಿತು?

ಇದಕ್ಕೆ ಎರಡು ಬಗೆಯ ವಿವರಣೆಗಳಿವೆ. ಒಂದು, ತಡವಾಯಿತು ಎಂಬುದು. ಲಕ್ಷಣ ಕಾಣುವ ಹೊತ್ತಿಗೆ ಟಿಡಿಪಿ-43 ಗಂಟು, ಉರಿಯೂತ, ಕೋಶನಾಶ ಮುಂದುವರಿದಿರುತ್ತವೆ. ಮೂಲದ ಕೊರತೆ ತುಂಬಿದರೂ ಸತ್ತ ಕೋಶ ಮರಳುವುದಿಲ್ಲ.

ಇನ್ನೊಂದು ವಿವರಣೆ ದಾರಿಯ ಬಗ್ಗೆ. ಸಾರ್ಟಿಲಿನ್ ಎಂಬ ಗ್ರಾಹಿ ಪ್ರೊಗ್ರಾನ್ಯುಲಿನ್ ಅನ್ನು ಹಿಡಿದು ಕೋಶದೊಳಕ್ಕೆ, ಲೈಸೊಸೋಮ್‌ಗೆ ಒಯ್ಯುತ್ತದೆ. ಲಾಟೊಜಿನೆಮ್ಯಾಬ್ ಆ ಗ್ರಾಹಿಯನ್ನೇ ತಡೆಯುತ್ತದೆ. ಒಳಗೆ ಹೋಗುವುದು ನಿಂತದ್ದರಿಂದ ಹೊರಗಿನ ಮಟ್ಟ ಏರುತ್ತದೆ, ಆದರೆ ಪ್ರೊಟೀನ್ ಬೇಕಾಗಿರುವುದು ಲೈಸೊಸೋಮ್‌ನ ಒಳಗೆ. ಒಳಹೋಗಲು ಬೇರೆ ದಾರಿಗಳೂ ಇವೆ, ಆದ್ದರಿಂದ ಈ ವಾದ ಪೂರ್ತಿ ಸಾಬೀತಾಗಿಲ್ಲ. ಆದರೂ ಇದನ್ನು ತಳ್ಳಿಹಾಕುವಂತಿಲ್ಲ. ವೈರಸ್ ವಾಹಕದ ಮೂಲಕ ಸರಿಯಾದ ಜಿಆರ್‌ಎನ್ ಪ್ರತಿಯನ್ನೇ ಮಿದುಳಿಗೆ ತಲುಪಿಸುವ ಜೀನ್ ಚಿಕಿತ್ಸೆಗಳು ಬೇರೆ ದಾರಿ ಹಿಡಿದಿರುವುದರಿಂದ ಒಂದರ ಸೋಲು ಎಲ್ಲದರ ಸೋಲಲ್ಲ. ಸಿ9ಗೆ ರೂಪಿಸಿದ್ದ ಬಿಐಐಬಿ078 ಎಂಬ ಔಷಧದ ಪ್ರಯೋಗವನ್ನೂ 2022ರಲ್ಲಿ ಕೈಬಿಟ್ಟಿದ್ದರು. ಈ ಎಲ್ಲ ಪ್ರಯೋಗಗಳಿಗೆ ಸೇರಲು ಬೇಕಾದ ಮೊದಲ ಅರ್ಹತೆ ಮಾತ್ರ ಒಂದೇ: ಯಾವ ಜೀನ್ ಎಂದು ಗೊತ್ತಿರಬೇಕು. ಕುಟುಂಬಗಳು ಜೀನ್ ತಿಳಿದುಕೊಳ್ಳಲು ಇದೊಂದು ಗಟ್ಟಿ ಕಾರಣ.

## ಯಾರಿಗೆ ಜೀನ್ ಪರೀಕ್ಷೆ?

ಒಂದು ಪಕ್ಷ, ನಡವಳಿಕೆಯ ಎಫ್‌ಟಿಡಿ ಇರುವ ಎಲ್ಲರಿಗೂ ಮಾಡಬೇಕು ಎನ್ನುತ್ತದೆ. ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದು ಕಂಡವರಲ್ಲೂ ಸಿ9 ಸಿಗುತ್ತದೆ, ಜತೆಗೆ ಮನೋರೋಗ ಎಂದು ತಪ್ಪಾಗಿ ಚಿಕಿತ್ಸೆಯಾಗುವುದು ತಪ್ಪುತ್ತದೆ ಎಂಬುದು ಅವರ ವಾದ. ಇನ್ನೊಂದು ಪಕ್ಷ, ಬಲವಾದ ಕುಟುಂಬ ಇತಿಹಾಸ ಇದ್ದರೆ ಮಾತ್ರ ಎನ್ನುತ್ತದೆ. ಸಿ9 ಅಪರೂಪವಾದ ನಮ್ಮಲ್ಲಿ ಎಲ್ಲರಿಗೂ ಮಾಡಿದರೆ ಸಿಗುವುದು ಕಡಿಮೆ, ಖರ್ಚು ಹೆಚ್ಚು. ಚಿಕಿತ್ಸೆಯೇ ಇಲ್ಲದ ಮೇಲೆ ಪರೀಕ್ಷೆ ಏಕೆ ಎನ್ನುವವರೂ ಇದ್ದಾರೆ.

ನಮ್ಮ ಜಿಲ್ಲೆಯ ಮಟ್ಟಿಗೆ ಎರಡನೆಯ ನಿಲುವು ಸರಿ, ಆದರೆ ಒಂದು ಷರತ್ತಿನೊಂದಿಗೆ. ‘ಕುಟುಂಬ ಇತಿಹಾಸ ಇಲ್ಲ’ ಎಂದು ಬರೆಯುವ ಮುನ್ನ ನಿಜವಾಗಿ ಕೇಳಿರಬೇಕು. ‘ನಿಮ್ಮಲ್ಲಿ ಯಾರಿಗಾದರೂ ಡಿಮೆನ್ಷಿಯಾ ಇತ್ತೇ?’ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಕೇಳಬೇಕಾದ್ದು ಹೀಗೆ: ಮಧ್ಯವಯಸ್ಸಿನಲ್ಲಿ ಸ್ವಭಾವ ಬದಲಾದವರು ಯಾರು? ಮನೆ ಬಿಟ್ಟು ಹೋದವರು, ಆತ್ಮಹತ್ಯೆ ಮಾಡಿಕೊಂಡವರು, ನಿಮ್ಹಾನ್ಸ್‌ಗೋ ಧಾರವಾಡಕ್ಕೋ ಸೇರಿಸಿದ್ದವರು? ಕೈಕಾಲು ಸೊರಗಿ, ನುಂಗಲಾಗದೆ ತೀರಿಕೊಂಡವರು? ನಡುಕ, ಬಿಗಿತ ಇದ್ದವರು? ಪ್ರತಿಯೊಬ್ಬರಿಗೂ ಮೊದಲು ಕಂಡದ್ದೇನು, ಎಷ್ಟನೇ ವಯಸ್ಸಿಗೆ, ತೀರಿಕೊಂಡದ್ದು ಯಾವಾಗ ಎಂದು ಬರೆಯಬೇಕು. ಅಪ್ಪನ ಕಡೆ, ಅಮ್ಮನ ಕಡೆ ಎರಡೂ. ಮದುವೆಯಾಗಿ ಘಟ್ಟದ ಕೆಳಗೆ ಹೋದ ಅತ್ತೆ, ದೊಡ್ಡಮ್ಮಂದಿರ ಸುದ್ದಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಅವರ ಮನೆಗೂ ಫೋನ್ ಮಾಡಬೇಕು. 40ಕ್ಕೇ ಅಪಘಾತದಲ್ಲೋ ಹೃದಯಾಘಾತದಲ್ಲೋ ತೀರಿಕೊಂಡವರು ದೋಷ ಹೊತ್ತಿದ್ದರೂ ಗೊತ್ತಾಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು.

## ಬೆಂಗಳೂರಿಗೆ ಹೊರಡುವ ಮುನ್ನ

ಗುಣವಾಗಬಲ್ಲ ಕಾರಣಗಳನ್ನು ಮೊದಲು ಬಿಡಿಸಿಕೊಳ್ಳಬೇಕು, ಇದು ಶಿವಮೊಗ್ಗದಲ್ಲೇ ಆಗುವ ಕೆಲಸ. ಥೈರಾಯ್ಡ್, ಬಿ12, ಸಿಫಿಲಿಸ್ ಮತ್ತು ಎಚ್‌ಐವಿ ರಕ್ತಪರೀಕ್ಷೆ, ಸಕ್ಕರೆ, ಯಕೃತ್ತು. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಬೈಕಿನಿಂದ ಬಿದ್ದವರಿಗೆ, ಮರದಿಂದ ಬಿದ್ದವರಿಗೆ ವಾರಗಳ ನಂತರ ತಲೆಬುರುಡೆಯೊಳಗೆ ರಕ್ತ ಕಟ್ಟಿ ಸ್ವಭಾವ ಬದಲಾಗಬಹುದು. ಫ್ರಂಟಲ್ ಭಾಗದ ಗಡ್ಡೆಯೂ ಹಾಗೆಯೇ. ಮಂಗನ ಕಾಯಿಲೆಯಲ್ಲಿ ಗೊಂದಲ ಬರುವುದುಂಟು, ಆದರೆ ಅದು ಜ್ವರದ ಜತೆ ದಿನಗಳಲ್ಲಿ ಬರುತ್ತದೆ. ಎಫ್‌ಟಿಡಿ ತಿಂಗಳು, ವರ್ಷಗಳಲ್ಲಿ ಬರುತ್ತದೆ.

ಎಂಆರ್‌ಐ ಚೀಟಿಯಲ್ಲಿ ‘ಎಫ್‌ಟಿಡಿ ಶಂಕೆ’ ಎಂದು ಸ್ಪಷ್ಟವಾಗಿ ಬರೆಸಬೇಕು, ಟೆಂಪೊರಲ್ ತುದಿ ಕಾಣುವಂತೆ ಕೊರೋನಲ್ (ಮುಂದಿನಿಂದ ನೋಡಿದಂತೆ ಸೀಳಿದ) ಚಿತ್ರಗಳು ಇರಬೇಕು. 50ರ ವ್ಯಕ್ತಿಯ ರಿಪೋರ್ಟ್‌ನಲ್ಲಿ ‘ವಯೋಸಹಜ ಸವೆತ’ ಎಂದಿದ್ದರೆ ಅದನ್ನು ಒಪ್ಪಿ ಸುಮ್ಮನಾಗಬಾರದು. ಡಾಕ್ಟರ ಎದುರು ಹತ್ತು ನಿಮಿಷ ಸಭ್ಯವಾಗಿ ಕೂರುವವರೇ ಹೆಚ್ಚು. ಆದ್ದರಿಂದ ಮನೆಯ ನಡವಳಿಕೆಯ ಚಿಕ್ಕ ವಿಡಿಯೊ ಮತ್ತು ದಿನಾಂಕ ಸಹಿತ ಟಿಪ್ಪಣಿ ಒಯ್ಯಬೇಕು. ಮೆಗ್ಗಾನ್ ಆಸ್ಪತ್ರೆಯಲ್ಲಿ ಇಷ್ಟು ಮುಗಿಸಿ ನಿಮ್ಹಾನ್ಸ್‌ಗೆ, ಹೊಸನಗರ ತೀರ್ಥಹಳ್ಳಿ ಕಡೆಯವರು ಮಣಿಪಾಲಕ್ಕೆ ಹೋದರೆ ಒಂದೇ ಭೇಟಿಯಲ್ಲಿ ಬಹಳಷ್ಟು ಕೆಲಸವಾಗುತ್ತದೆ.

## ರಿಪೋರ್ಟ್‌ನಲ್ಲಿ ಎಡವುವ ಜಾಗಗಳು

ಜೀನ್ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಕೆಲವು ಮಿಲಿಲೀಟರ್ ರಕ್ತ ಸಾಕು. ಅತಿ ದೊಡ್ಡ ತಪ್ಪು ನಡೆಯುವುದು ಪರೀಕ್ಷೆಯ ಆಯ್ಕೆಯಲ್ಲಿ. ಸಾಮಾನ್ಯವಾಗಿ ಬರೆದುಕೊಡುವ ಎಕ್ಸೋಮ್ (ಪ್ರೊಟೀನ್ ತಯಾರಿಸುವ ಜೀನ್ ಭಾಗಗಳನ್ನೆಲ್ಲ ಓದುವ ಪರೀಕ್ಷೆ) ಅಥವಾ ಡಿಮೆನ್ಷಿಯಾ ಪ್ಯಾನೆಲ್ (ಆಯ್ದ ಜೀನ್‌ಗಳ ಪರೀಕ್ಷೆ) ಸಿ9ರ ಉದ್ದದ ಮರುಕಳಿಕೆಯನ್ನು ಹಿಡಿಯಲಾರದು. ಅದಕ್ಕೆ ರಿಪೀಟ್ ಪ್ರೈಮ್ಡ್ ಪಿಸಿಆರ್ ಎಂಬ ಪ್ರತ್ಯೇಕ ಪರೀಕ್ಷೆ ಬೇಕು. ಎಕ್ಸೋಮ್ ‘ನೆಗೆಟಿವ್’ ಬಂದ ಕೂಡಲೇ ಆನುವಂಶಿಕವಲ್ಲ ಎಂದು ಮನೆಯವರು ನಿರಾಳರಾಗುತ್ತಾರೆ. ಎಎಲ್‌ಎಸ್ ಇರುವ ಮನೆತನದಲ್ಲಿ ಆ ನಿರಾಳತೆಗೆ ಆಧಾರವೇ ಇಲ್ಲ.

ಇನ್ನೊಂದು ತೊಡಕು ‘ಅರ್ಥ ಅನಿಶ್ಚಿತ’ ಎಂಬ ಫಲಿತಾಂಶ. ಬದಲಾವಣೆಯೊಂದು ಸಿಕ್ಕಿದೆ, ಹಾನಿಕರವೋ ಅಲ್ಲವೋ ತಿಳಿಯದು ಎಂದರ್ಥ. ಜಗತ್ತಿನ ಜೀನ್ ದತ್ತಾಂಶದಲ್ಲಿ ಭಾರತೀಯರ ಪಾಲು ಕಡಿಮೆ ಇದ್ದದ್ದರಿಂದ ನಮಗೆ ಈ ಉತ್ತರ ಹೆಚ್ಚು ಬರುತ್ತದೆ. ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿದೆ, ಇದರಿಂದ ಮುಂದೆ ಸ್ಪಷ್ಟತೆ ಹೆಚ್ಚಬೇಕು. ಅನಿಶ್ಚಿತ ಫಲಿತಾಂಶ ಆಧರಿಸಿ ಮಕ್ಕಳಿಗೆ ಪರೀಕ್ಷೆ ಮಾಡಿಸುವುದು, ಮದುವೆ ಮಾತುಕತೆ ಮುರಿಯುವುದು ಅನ್ಯಾಯ. ಒಂದೆರಡು ವರ್ಷ ಬಿಟ್ಟು ಅದೇ ರಿಪೋರ್ಟನ್ನು ಮರುಪರಿಶೀಲಿಸಲು ಪ್ರಯೋಗಾಲಯವನ್ನು ಕೇಳಬೇಕು.

## ಜೀನ್ ಗೊತ್ತಾದರೆ ಮನೆಯಲ್ಲಿ ಬದಲಾಗುವುದೇನು?

ಅಲ್ಝೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಎಫ್‌ಟಿಡಿಗೆ ಉಪಯೋಗವಿಲ್ಲ, ಕೆಲವರಲ್ಲಿ ಉದ್ರೇಕ ಹೆಚ್ಚಿಸುತ್ತದೆ. ಮೆಮ್ಯಾಂಟಿನ್‌ನಿಂದಲೂ ಲಾಭ ಕಂಡಿಲ್ಲ. ಖಿನ್ನತೆಗೆ ಬಳಸುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಮತ್ತು ಟ್ರಾಝೊಡೋನ್ ಚಟ, ಸಿಡುಕು, ಅತಿತಿನ್ನುವಿಕೆಯನ್ನು ಕೆಲವರಲ್ಲಿ ತಗ್ಗಿಸುತ್ತವೆ. ಎಂಎಪಿಟಿ ಅಥವಾ ಜಿಆರ್‌ಎನ್ ಎಂದು ಗೊತ್ತಿದ್ದರೆ ಮನೋವಿಕಾರದ ಮಾತ್ರೆಗಳ ವಿಷಯದಲ್ಲಿ ವೈದ್ಯರು ಇನ್ನೂ ಎಚ್ಚರವಾಗಿರುತ್ತಾರೆ, ಏಕೆಂದರೆ ಇವರಲ್ಲಿ ಬಿಗಿತ ಥಟ್ಟನೆ ಏರಿ ರೋಗಿ ಬಿದ್ದುಬಿಡುವ ಅಪಾಯವಿದೆ. ಸಿ9 ಆದರೆ ನುಂಗುವುದು, ಉಸಿರು, ಅಂಗೈ ಬಲವನ್ನು ಪ್ರತಿ ಭೇಟಿಯಲ್ಲೂ ನೋಡಬೇಕು. ಜಿಆರ್‌ಎನ್‌ನಲ್ಲಿ ಮಾತು ಪೂರ್ತಿ ಹೋಗುವ ಮುನ್ನ ಚಿತ್ರ, ಸನ್ನೆಗಳ ಅಭ್ಯಾಸ ಶುರು ಮಾಡಬಹುದು.

ಬೆಳೆ ರಕ್ಷಣೆಯ ಕೋವಿ ಮನೆಯಲ್ಲಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಬೈಕಿನ ಕೀಲಿ, ಕೀಟನಾಶಕ, ಕತ್ತಿ ಕೈಗೆ ಸಿಗಬಾರದು. ಆಸ್ತಿಯ ವಿಚಾರದಲ್ಲಿ ಒಂದು ಕಾನೂನು ತಿಳಿದಿರಲಿ: ಬರೆದುಕೊಟ್ಟವರ ಬುದ್ಧಿಸ್ವಾಸ್ಥ್ಯ ಹೋದರೆ ಸಾಮಾನ್ಯ ಪವರ್ ಆಫ್ ಅಟಾರ್ನಿ ಬಿದ್ದುಹೋಗುತ್ತದೆ. ಹಾಗಾಗಿ ವಿಲ್, ಬ್ಯಾಂಕ್ ಜಂಟಿ ಖಾತೆ, ಪಾಲುಪಟ್ಟಿ ಇವು ತಿಳಿವಳಿಕೆ ಇರುವಾಗಲೇ, ವೈದ್ಯರ ಪ್ರಮಾಣಪತ್ರದೊಂದಿಗೆ ಆಗಬೇಕು. ಆಮೇಲೆ ಉಳಿಯುವುದು ನ್ಯಾಯಾಲಯದಿಂದ ಪಾಲಕರ ನೇಮಕದ ದಾರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಚಿಕಿತ್ಸೆಯ ಬಗ್ಗೆ ಮುಂಗಡ ಸೂಚನೆ ಬರೆದು ಪ್ರತಿನಿಧಿಯನ್ನು ಹೆಸರಿಸಲೂ ಅವಕಾಶವಿದೆ.

## ಆರೋಗ್ಯವಾಗಿರುವ ಮಕ್ಕಳು ಪರೀಕ್ಷೆ ಮಾಡಿಸಬೇಕೇ?

ರೋಗಿಯಲ್ಲಿ ನಿರ್ದಿಷ್ಟ ದೋಷ ಖಚಿತವಾದ ಮೇಲಷ್ಟೇ ಆರೋಗ್ಯವಂತರ ಪರೀಕ್ಷೆಗೆ ಅರ್ಥ. ಅದು ಗೊತ್ತಿಲ್ಲದೆ ಮಗನ ರಕ್ತ ನೋಡಿದರೆ ‘ನೆಗೆಟಿವ್’ಗೆ ಬೆಲೆಯಿಲ್ಲ. 18 ತುಂಬದವರಿಗೆ ಮಾಡುವುದಿಲ್ಲ. ಪರೀಕ್ಷೆಗೆ ಮೊದಲು ಮತ್ತು ನಂತರ ಜೆನೆಟಿಕ್ ಕೌನ್ಸೆಲಿಂಗ್ ಆಗಲೇಬೇಕು. ಅಣ್ಣ ತಿಳಿಯಬೇಕೆಂದು, ತಮ್ಮ ಬೇಡವೆಂದು ಹೇಳಿದರೆ ಇಬ್ಬರ ಮಾತೂ ನಡೆಯಬೇಕು. ಜೀನ್ ಆಧಾರದ ತಾರತಮ್ಯ ತಡೆಯಲು ಅಮೆರಿಕದಲ್ಲಿ 2008ರಿಂದ ಇರುವಂಥ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಆದ್ದರಿಂದ ಫಲಿತಾಂಶ ಯಾರ ಕೈಗೆ ಹೋಗಬೇಕು ಎಂಬುದನ್ನು ರಕ್ತ ಕೊಡುವ ಮುನ್ನವೇ ಬರವಣಿಗೆಯಲ್ಲಿ ತಿಳಿಸಬೇಕು.

ಈಗ ತಿಳಿಯುವುದು ಬೇಡ ಎನ್ನುವ ಕುಟುಂಬಕ್ಕೂ ಒಂದು ಕೆಲಸ ಮಾಡಬಹುದು. ರೋಗಿ ಬದುಕಿರುವಾಗಲೇ ಅವರ ಡಿಎನ್‌ಎ ತೆಗೆದು ಕಾದಿಡಲು ಆಸ್ಪತ್ರೆಯನ್ನು ಕೇಳುವುದು. ಕುಟುಂಬದಲ್ಲಿ ಯಾವ ದೋಷ ಇದೆ ಎಂಬುದಕ್ಕೆ ಅವರ ರಕ್ತವೇ ಅತಿ ಗಟ್ಟಿ ಆಧಾರ. ಹತ್ತು ವರ್ಷದ ನಂತರ ಜಿಆರ್‌ಎನ್‌ಗೋ ಸಿ9ಗೋ ಕೆಲಸ ಮಾಡುವ ಔಷಧ ಬಂದು, ಮಕ್ಕಳು ತಿಳಿಯಬೇಕೆಂದು ಬಯಸಿದರೆ, ಆ ಟ್ಯೂಬಿನಿಂದಲೇ ಪರೀಕ್ಷೆ ಶುರು ಮಾಡಬಹುದು.